ನನ್ನ ಕಾದಂಬರಿಯ ಇನ್ಸ್‌ಪೆಕ್ಟರ್ ಹೀರೋ ಆಗಿಬಿಡುತ್ತಿದ್ದಾನೆ, ಹೇಗೆ ತಡೆಯೋದು?

ಉಣಕಲ್ ಹುಡುಗ

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಒಂದು ಕ್ರೈಂ ಥ್ರಿಲ್ಲರ್ ಬರೆಯುತ್ತಿದ್ದೇನೆ. ಹಗಲು ಗೋಕುಲ ರಸ್ತೆಯ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸ, ರಾತ್ರಿ ಊಟ ಆದ ಮೇಲೆ ಇದು. ಕಥೆ ನಮ್ಮ ಹುಬ್ಬಳ್ಳಿಯದೇ. ನಸುಕಿನಲ್ಲಿ ಉಣಕಲ್ ಕೆರೆಗೆ ವಾಕಿಂಗ್ ಬಂದವರಿಗೆ ಹೆಣ ಕಾಣಿಸುತ್ತದೆ. ಸತ್ತವನು ಬ್ಯಾಡಗಿಯ ಒಂದು ದಲಾಲಿ ಅಂಗಡಿಯ ಗುಮಾಸ್ತ. ಕೇಸ್ ಸಿಕ್ಕಿದ್ದು ನನ್ನ ಇನ್ಸ್‌ಪೆಕ್ಟರ್‌ಗೆ. ಬುದ್ಧಿವಂತ ಮನುಷ್ಯ, ಆದರೆ ಕುಡಿಯುತ್ತಾನೆ, ಹೆಂಡತಿ ಬಿಟ್ಟು ಹೋಗಿದ್ದಾಳೆ, ಕೈ ಜೋರು. ಮೆಣಸಿನಕಾಯಿ ಚೀಲ ಹೊರುವ ಒಬ್ಬ ಹಮಾಲನನ್ನು ಎತ್ತಿಕೊಂಡು ಬಂದು ಬಾರಿಸುತ್ತಾನೆ, ಅವನು ಒಪ್ಪಿಕೊಳ್ಳುತ್ತಾನೆ. 200 ಪುಟ ಆದ ಮೇಲೆ ಅವನಲ್ಲ ಎಂದು ಗೊತ್ತಾಗುತ್ತದೆ.

ತೊಂದರೆ ಏನು ಅಂದರೆ, ಮೂರು ಜನ ಗೆಳೆಯರಿಗೆ ಓದಲು ಕೊಟ್ಟೆ. ಹಮಾಲನಿಗೆ ಹೊಡೆಯುವ ಅಧ್ಯಾಯ ಓದಿ ಒಬ್ಬ ರಾತ್ರಿ ಹನ್ನೊಂದಕ್ಕೆ ‘ಭಾರಿ ಐತಿ ಬಿಡಪಾ’ ಅಂತ ಮೆಸೇಜ್ ಮಾಡಿದ. ಇನ್ನೊಬ್ಬ ಕೊನೆಯವರೆಗೂ ಓದಿದವನು, ಹಮಾಲ ನಿರಪರಾಧಿ ಎಂದು ಗೊತ್ತಾದ ಮೇಲೂ ‘ಪಾಪ, ಸಾಹೇಬ್ರಿಗೂ ಪ್ರೆಶರ್ ಇತ್ತಲ್ಲ’ ಅಂದ. ನನಗೆ ಬೇಕಾಗಿದ್ದು ಇದಲ್ಲವೇ ಅಲ್ಲ. ಓದುವವನಿಗೆ ಹೊಟ್ಟೆಯಲ್ಲಿ ಕಸಿವಿಸಿ ಆಗಬೇಕು, ಅದರ ಜೊತೆಗೇ ಆ ಮನುಷ್ಯನನ್ನು ಬಿಟ್ಟು ಪುಸ್ತಕ ಮುಚ್ಚಲೂ ಆಗಬಾರದು. ನಾನು ಏನು ಬರೆದರೂ ಅವನು ಸಿನಿಮಾ ಹೀರೋ ಆಗುತ್ತಾನೆ.

ಒಂದು ತುಣುಕು ಹಾಕುತ್ತೇನೆ, ಬೈಯುವವರು ಬೈಯಬಹುದು:

‘ಡಿವೈಎಸ್‌ಪಿ ಸಾಹೇಬರ ಫೋನ್ ಬಂತು. 24 ತಾಸಿನಲ್ಲಿ ಕೊಲೆಗಾರ ಬೇಕು. ಅವನು ಸಿಗರೇಟು ತುಳಿದ. ಕೂಲಿಂಗ್ ಗ್ಲಾಸ್ ಏರಿಸಿದ. ಹೊರಗೆ ಜುಲೈ ತಿಂಗಳ ಮಳೆ, ಒಳಗೆ ಬೆಂಕಿ. “302 ಹಾಕ್ರೀ” ಎಂದು ಗುಡುಗಿ ಜೀಪ್ ಹತ್ತಿದ.’

ಕಥೆ ನಡೆಯುವುದು 2024ರ ಮಳೆಗಾಲದಲ್ಲಿ. ಸ್ಟೇಷನ್ ಒಳಗಿನ ವಿಷಯ ನನಗೆ ಗೊತ್ತಿರುವುದು ಒಮ್ಮೆ ಮೊಬೈಲ್ ಕಳೆದುಕೊಂಡು ದೂರು ಕೊಡಲು ಹೋಗಿದ್ದಷ್ಟೇ. ತಿಳಿದವರು ಹೇಳಿ.

ಬೆಟಗೇರಿ ಓದುಗ

ತಮ್ಮಾ, ಮಳೆಯಲ್ಲಿ ಕೂಲಿಂಗ್ ಗ್ಲಾಸ್ ಹಾಕಿಕೊಂಡವನನ್ನು ಹೀರೋ ಅನ್ನದೆ ಇನ್ನೇನು ಅನ್ನಬೇಕು? ನಾನು ಪೊಲೀಸ್ ಅಲ್ಲ, ವಕೀಲ ಅಲ್ಲ. ಗದಗದಲ್ಲಿ ಪ್ರಿಂಟಿಂಗ್ ಪ್ರೆಸ್‌ನಲ್ಲಿ ಬದುಕು ಕಳೆದವನು, ಪತ್ತೇದಾರಿ ಕಾದಂಬರಿ ಅಚ್ಚಾಗುವಾಗಲೇ ಕದ್ದು ಓದಿದವನು. ಹಾಗಾಗಿ ಓದುಗನಾಗಿ ಹೇಳುತ್ತೇನೆ.

ಕುಡಿತ, ಬಿಟ್ಟುಹೋದ ಹೆಂಡತಿ, ಇವೆರಡೂ ದೋಷವೇ ಅಲ್ಲ. ಅವು ಓದುಗನ ಕನಿಕರ ಗಳಿಸುವ ಉಪಾಯ. ಅವನು ಕುಡಿದು ತನಗೆ ತಾನೇ ಕೆಡುಕು ಮಾಡಿಕೊಳ್ಳುತ್ತಾನೆ, ನಮಗೇನು ಹೋಯಿತು? ದೋಷ ಅಂದರೆ ಅದರಿಂದ ಬೇರೆಯವನ ಮನೆ ಹಾಳಾಗಬೇಕು, ಇವನ ಮನೆಯಲ್ಲಿ ಮಾತ್ರ ಅವತ್ತೂ ಬಿಸಿ ರೊಟ್ಟಿ ಬಡಿಯುತ್ತಿರಬೇಕು.

ಎರಡನೇದು. ಮಳೆಗಾಲದಲ್ಲಿ ಬ್ಯಾಡಗಿ ಹಮಾಲನಿಗೆ ಏನು ಕೆಲಸ ಇಟ್ಟಿದ್ದೀರಿ? ಅಲ್ಲಿಯ ಹಂಗಾಮು ಅಂದರೆ ಜನವರಿಯಿಂದ ಮಾರ್ಚ್-ಏಪ್ರಿಲ್. ಆಗ ಹೋಗಿ ನೋಡಿ, ಊರಿಗೆ ಊರೇ ಕೆಂಪು, ಬಸ್ಸಿನಿಂದ ಇಳಿದ ಕೂಡಲೇ ಸೀನು. ಲಾರಿ ಸಾಲು, ಟೆಂಡರ್ ದಿನದ ಗದ್ದಲ, ದಲಾಲಿ ಅಂಗಡಿಗಳಲ್ಲಿ ಲೆಕ್ಕಕ್ಕೆ ಕೂತ ಗುಮಾಸ್ತರಿಗೆ ತಲೆ ಎತ್ತಲು ಪುರುಸೊತ್ತಿಲ್ಲ. ಜುಲೈನಲ್ಲಿ ಉಳಿದ ಮಾಲು ಕೋಲ್ಡ್ ಸ್ಟೋರೇಜ್‌ನಲ್ಲಿ ಮಲಗಿರುತ್ತದೆ. 2024ರ ಮಾರ್ಚ್‌ನಲ್ಲಿ ದರ ಬಿದ್ದು ರೈತರು ಸಿಟ್ಟಿಗೆದ್ದು ಎಪಿಎಂಸಿ ಕಚೇರಿಗೆ ನುಗ್ಗಿದ್ದು, ವಾಹನಗಳಿಗೆ ಬೆಂಕಿ ಬಿದ್ದಿದ್ದು ಎಲ್ಲರಿಗೂ ನೆನಪಿದೆ. ಅದಕ್ಕಿಂತ ಒಂದು ತಿಂಗಳು ಹಿಂದೆ ಕಥೆ ಇಡಿ. ದುಡ್ಡು ಓಡಾಡುವ ಕಾಲ, ಎಲ್ಲರ ಮೈಮೇಲೆ ಒಂದು ಬಿಸಿ. ಪೊಲೀಸ್ ನಾಯಿ ತಂದರೆ ಅದೂ ಸೀನುತ್ತಾ ವಾಪಸ್ ಹೋಗಲಿ, ಎರಡು ಪುಟ ನಗುತ್ತೇವೆ.

ಇನ್ಸ್‌ಪೆಕ್ಟರ್‌ಗೆ ಹೆಸರು ಯಾಕೆ ಇಟ್ಟಿಲ್ಲ? ನಮ್ಮ ಕಡೆಯ ಅಡ್ಡಹೆಸರು ಹಾಕಿ. ಉಳ್ಳಾಗಡ್ಡಿ, ಹಿತ್ತಲಮನಿ, ಬಡಿಗೇರ. ‘ಮೆಣಸಿನಕಾಯಿ ಸಾಹೇಬ್ರು’ ಅಂದರೆ ಬೆಂಗಳೂರಿನವರು ನಗಬಹುದು, ಇಲ್ಲಿ ಆ ಹೆಸರಿನವರು ಎಷ್ಟು ಜನ ಬೇಕು?

ಕೋರ್ಟ್ ಕಟ್ಟೆ

ಧಾರವಾಡದಲ್ಲಿ ಕ್ರಿಮಿನಲ್ ಪ್ರಾಕ್ಟೀಸ್ ಮಾಡುವವನು ನಾನು. ನಿಮ್ಮ ಆರು ಸಾಲಿನ ತುಣುಕಿನಲ್ಲಿ ಎರಡು ತಪ್ಪು ಇವೆ, ಬೇಜಾರು ಮಾಡಿಕೊಳ್ಳಬೇಡಿ.

ಹುಬ್ಬಳ್ಳಿ ಶಹರದಲ್ಲಿ ಡಿವೈಎಸ್‌ಪಿ ಫೋನ್ ಮಾಡುವುದಿಲ್ಲ. 1996ರಿಂದ ಹುಬ್ಬಳ್ಳಿ-ಧಾರವಾಡಕ್ಕೆ ಕಮಿಷನರೇಟ್ ಇದೆ. ಇನ್ಸ್‌ಪೆಕ್ಟರ್ ಮೇಲೆ ಎಸಿಪಿ, ಅವರ ಮೇಲೆ ಡಿಸಿಪಿ, ಅವರ ಮೇಲೆ ನವನಗರದಲ್ಲಿ ಕೂರುವ ಕಮಿಷನರ್. ಡಿವೈಎಸ್‌ಪಿ, ಎಸ್‌ಪಿ ಎಲ್ಲ ಜಿಲ್ಲಾ ಪೊಲೀಸ್. ನಿಮ್ಮ ಇನ್ಸ್‌ಪೆಕ್ಟರ್ ಬ್ಯಾಡಗಿಗೆ ಹೋದ ಎಂದಿಟ್ಟುಕೊಳ್ಳಿ, ಅದು ಹಾವೇರಿ ಎಸ್‌ಪಿ ಜಾಗ, ಮೇಲೆ ಹೋದರೆ ದಾವಣಗೆರೆಯ ಪೂರ್ವ ವಲಯ. ಧಾರವಾಡ, ಗದಗ ಜಿಲ್ಲೆ ಬೆಳಗಾವಿಯ ಉತ್ತರ ವಲಯ. ಅಂದರೆ ಒಂದೂವರೆ ತಾಸಿನ ದಾರಿಯಲ್ಲಿ ಸಾಹೇಬರೆಲ್ಲ ಬದಲಾಗುತ್ತಾರೆ. ಅಲ್ಲಿಯ ಪಿಎಸ್‌ಐ ಇವನಿಗೆ ಚಹಾ ಕುಡಿಸುತ್ತಾನೆ, ಆದರೆ ಕೇಳಿದ್ದನ್ನೆಲ್ಲ ಹೇಳುವುದಿಲ್ಲ. ಇದು ಥ್ರಿಲ್ಲರ್‌ಗೆ ಒಳ್ಳೆಯ ಸರಕು.

ಎರಡನೇದು 302. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಅವತ್ತಿನ ನಂತರದ ಕೊಲೆಗೆ 103. ನೀವು ಜುಲೈ ಮಳೆಯಲ್ಲಿ 302 ಹಾಕಿಸಿದರೆ ಸ್ಟೇಷನ್‌ನಲ್ಲಿ ಕಾಗದಪತ್ರ ಬರೆಯುವ ಯಾವ ರೈಟರೂ ಬರೆಯುವುದಿಲ್ಲ. ಬೆಟಗೇರಿಯವರು ಹೇಳಿದ ಹಾಗೆ ಫೆಬ್ರವರಿಗೆ ಸರಿಸಿದರೆ 302 ಉಳಿಯುತ್ತದೆ, ಮೆಣಸಿನಕಾಯಿಯೂ ಉಳಿಯುತ್ತದೆ. ಇನ್ನೊಂದು ಲಾಭ ಇದೆ. ಹೊಸ ಕಾನೂನಿನಲ್ಲಿ ಜಪ್ತಿ ಮಾಡುವಾಗ ವಿಡಿಯೋ ಮಾಡಲೇಬೇಕು. ಹಳೆಯದರಲ್ಲಿ ಆ ಕಡ್ಡಾಯ ಇರಲಿಲ್ಲ. ಕೆರೆ ದಂಡೆಯ ಪಂಚನಾಮೆಯನ್ನು ಸ್ಟೇಷನ್ ಟೇಬಲ್ ಮೇಲೆ ಬರೆಯುವ ಚಾಳಿ ಇರುವ ಅಧಿಕಾರಿಗೆ ಫೆಬ್ರವರಿ ಅನುಕೂಲ.

ಈಗ ಮುಖ್ಯ ವಿಷಯ. ಹಮಾಲ ‘ಒಪ್ಪಿಕೊಂಡ’ ಎಂದಿರಿ. ಒಪ್ಪಿಕೊಂಡರೆ ಏನಾಯಿತು? ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಗೆ ಕೋರ್ಟಿನಲ್ಲಿ ಬೆಲೆ ಇಲ್ಲ. ಹಳೆಯ ಸಾಕ್ಷ್ಯ ಕಾಯ್ದೆಯ 25ನೇ ಸೆಕ್ಷನ್, ಹೊಸದರಲ್ಲಿ 23. ಎಲ್ಲ ಸಿನಿಮಾದವರೂ ಇದನ್ನು ಮರೆಯುತ್ತಾರೆ. ಆದರೆ ಆ ಹೇಳಿಕೆಯಿಂದ ಒಂದು ವಸ್ತು ಸಿಕ್ಕಿತು ಅಂದರೆ, ಆ ವಸ್ತುವಿಗೆ ಸಂಬಂಧಪಟ್ಟಷ್ಟು ಮಾತು ಮಾತ್ರ ಸಾಕ್ಷ್ಯವಾಗುತ್ತದೆ. 27ನೇ ಸೆಕ್ಷನ್ ಅನ್ನುತ್ತಿದ್ದರು. ಅದಕ್ಕೇ ನಮ್ಮ ಕಡೆಯ ಚಾರ್ಜ್‌ಶೀಟ್‌ಗಳಲ್ಲಿ ‘ಸ್ವಇಚ್ಛಾ ಹೇಳಿಕೆ’ ಅಂತ ಒಂದು ಕಾಗದ ಇರುತ್ತದೆ, ಅದರ ಕೊನೆಗೆ ‘ನನ್ನ ಜೊತೆ ಬಂದರೆ ತೋರಿಸುತ್ತೇನೆ’ ಅನ್ನುವ ಸಾಲು ಬಂದೇ ಬರುತ್ತದೆ. ಎಲ್ಲ ಆರೋಪಿಗಳೂ ಒಂದೇ ಶಾಲೆಯಲ್ಲಿ ಕಲಿತವರ ಹಾಗೆ ಮಾತಾಡುತ್ತಾರೆ. ಆಮೇಲೆ ಇಬ್ಬರು ಪಂಚರು, ಅಂದರೆ ಪಂಚನಾಮೆಗೆ ಸಾಕ್ಷಿಯಾಗಿ ಸಹಿ ಹಾಕಿದವರು. ವಿಚಾರಣೆ ದಿನ ಕಟಕಟೆಗೆ ಬಂದು ‘ಸಹಿ ನಂದೇ ರೀ, ಉಳಿದಿದ್ದು ಗೊತ್ತಿಲ್ಲ’ ಅನ್ನುತ್ತಾರೆ. ಇದನ್ನು ನಾನು ಎಷ್ಟು ಸಲ ಕೇಳಿದ್ದೇನೆ ಅಂದರೆ ನಿದ್ದೆಯಲ್ಲಿ ಬೇಕಾದರೂ ಹೇಳುತ್ತೇನೆ.

ಹಾಗಾದರೆ ಹಮಾಲ ಬಿಡುಗಡೆ ಆಗುತ್ತಾನೆ, ಸುಖಾಂತ್ಯ ಅಲ್ವಾ? ಅಲ್ಲ. ಕೊಲೆ ಕೇಸಿನಲ್ಲಿ ಚಾರ್ಜ್‌ಶೀಟ್ ಹಾಕಲು 90 ದಿನ ಇದೆ. ಅಷ್ಟರೊಳಗೆ ಹಾಕದಿದ್ದರೆ ಜಾಮೀನು ಅವನ ಹಕ್ಕು, ಅದಕ್ಕೇ 88ನೇ ದಿನ ಹಾಕುತ್ತಾರೆ. ಆಮೇಲೆ ಧಾರವಾಡ ಜೈಲಿನಲ್ಲಿ ಕೂತು ವಿಚಾರಣೆಗೆ ಕಾಯಬೇಕು. ಕೊನೆಗೆ ಖುಲಾಸೆ ಆಗಿ ಹೊರಗೆ ಬರುವಾಗ ಅವನ ಜಾಗದಲ್ಲಿ ಬೇರೆ ಹಮಾಲ ಚೀಲ ಹೊರುತ್ತಿರುತ್ತಾನೆ. ನಿಮ್ಮ ಇನ್ಸ್‌ಪೆಕ್ಟರ್ ಸೋಲಲೇ ಇಲ್ಲ ನೋಡಿ. ಕೇಸ್ ಬಿದ್ದು ಹೋದರೂ ಅವನ ಲೆಕ್ಕದಲ್ಲಿ ಅದು ‘ಪತ್ತೆಯಾದ ಕೇಸ್’.

ಹೊಡೆಯುವ ಜಾಗದ ಬಗ್ಗೆ ಇನ್ನೊಂದು ಮಾತು. ಸ್ಟೇಷನ್‌ಗಳಲ್ಲಿ ಸಿಸಿಟಿವಿ ಹಾಕಬೇಕು, 18 ತಿಂಗಳ ರೆಕಾರ್ಡಿಂಗ್ ಉಳಿಸಬೇಕು ಎಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಹೇಳಿದೆ. 2024ರ ಇನ್ಸ್‌ಪೆಕ್ಟರ್ ಲಾಕಪ್‌ನಲ್ಲಿ ಬೆಲ್ಟ್ ಬಿಚ್ಚುವ ದಡ್ಡ ಆಗಿರಬಾರದು. ಕ್ಯಾಮೆರಾ ಇಲ್ಲದ ಜಾಗ ಹುಡುಕುವವನಾಗಿರಲಿ. ಹುಡುಕುತ್ತಾನೆ ಅಂದರೇನೇ ಅವನಿಗೆ ಗೊತ್ತಿದೆ ಎಂದಾಯಿತು, ಸಿಟ್ಟಿನಲ್ಲಿ ಹೊಡೆದ ಅನ್ನುವ ನೆಪ ಅಲ್ಲಿಗೆ ಹೋಯಿತು.

ಕ್ವಾರ್ಟರ್ಸ್ ಹುಡುಗಿ

ಕಾದಂಬರಿ ಬರೆಯುವ ಗಂಡಸರಿಗೆಲ್ಲ ಪೊಲೀಸನ ಹೆಂಡತಿ ಯಾಕೆ ಬಿಟ್ಟು ಹೋಗಬೇಕು ಅಂತ ನನಗೆ ಗೊತ್ತಿಲ್ಲ. ನಾನು ಬೆಳೆದಿದ್ದು ಪೊಲೀಸ್ ಕ್ವಾರ್ಟರ್ಸ್‌ನಲ್ಲಿ, ಅಪ್ಪ ಹೆಡ್ ಕಾನ್‌ಸ್ಟೇಬಲ್. ನಮ್ಮ ಸಾಲಿನಲ್ಲಿ ಯಾವ ಹೆಂಗಸೂ ಯಾರನ್ನೂ ಬಿಟ್ಟು ಹೋಗಲಿಲ್ಲ. ಹೋಗಿದ್ದರೆ ಚೆನ್ನಾಗಿತ್ತು ಅನ್ನುವ ಮನೆಗಳಲ್ಲೂ ಹೋಗಲಿಲ್ಲ. ಬಿಟ್ಟು ಹೋದವಳನ್ನು ಬರೆಯೋದು ಸುಲಭ, ಒಂದು ಖಾಲಿ ಮಂಚ, ಒಂದು ಫೋಟೋ, ಮುಗಿಯಿತು. ಉಳಿದವಳನ್ನು ಬರೆಯಿರಿ.

ಅಪ್ಪ ಮನೆಯಲ್ಲಿ ದನಿ ಏರಿಸಿದ್ದು ನೆನಪಿಲ್ಲ. ಡ್ಯೂಟಿ ಮುಗಿಸಿ ಬಂದು ಬೂಟು ಬಿಚ್ಚಿ, ಬಕೆಟ್‌ನಲ್ಲಿ ಬಿಸಿನೀರಿಗೆ ಉಪ್ಪು ಹಾಕಿ ಕಾಲು ಇಳಿಬಿಟ್ಟು ಅಲ್ಲೇ ಕೂತು ನಿದ್ದೆ ಹೋಗುತ್ತಿದ್ದರು. ಗಣಪತಿ ಹಬ್ಬದ ಹನ್ನೊಂದನೇ ದಿನ ಅವರು ಮನೆಯಲ್ಲಿ ಇದ್ದದ್ದೇ ಇಲ್ಲ, ರಂಗಪಂಚಮಿಗೆ ಊರೆಲ್ಲ ಬಣ್ಣ ಆಡುವಾಗ ನಮ್ಮ ಸಾಲಿನ ಮನೆಗಳಲ್ಲಿ ಬರೀ ಹೆಂಗಸರು ಮಕ್ಕಳು. ಸಿದ್ಧಾರೂಢರ ಜಾತ್ರೆಯಲ್ಲಿ ತೇರು ಎಳೆಯುವಾಗ ಅಪ್ಪನನ್ನು ದೂರದಿಂದ ನೋಡುತ್ತಿದ್ದೆವು, ಜನರಿಗೆ ಬೆನ್ನು, ಹಗ್ಗಕ್ಕೆ ಮುಖ. ತುಂಬಾ ಒಳ್ಳೆಯ ಅಪ್ಪ.

ಎಂಟನೇ ಕ್ಲಾಸಿನಲ್ಲಿ ನನ್ನ ಬೆಂಚಿನ ಗೆಳತಿ ಒಂದು ದಿನ ಬುತ್ತಿ ತೆಗೆದುಕೊಂಡು ಬೇರೆ ಬೆಂಚಿಗೆ ಹೋಗಿ ಕೂತಳು. ಯಾಕೆ ಎಂದರೆ ಹೇಳಲಿಲ್ಲ. ಆಮೇಲೆ ಬೇರೆಯವರಿಂದ ಗೊತ್ತಾಯಿತು, ಅವಳ ಸೋದರಮಾವನನ್ನು ಯಾವುದೋ ಕಳುವಿನ ಸಂಶಯದ ಮೇಲೆ ಕರೆದುಕೊಂಡು ಹೋಗಿದ್ದರು, ಹೊಡೆದವರಲ್ಲಿ ನಮ್ಮ ಅಪ್ಪನೂ ಇದ್ದರು. ಮನೆಗೆ ಬಂದು ಅವ್ವನನ್ನು ಕೇಳಿದೆ. ಅವ್ವ ಯೂನಿಫಾರ್ಮ್‌ಗೆ ಇಸ್ತ್ರಿ ಮಾಡುತ್ತಿದ್ದಳು. ‘ಅವರ ಕೆಲಸದ ವಿಷಯ ನಮಗ್ಯಾಕವ್ವಾ’ ಎಂದು ತೋಳಿನ ಪಟ್ಟಿ ನೀಟಾಗಿ ತೀಡಿದಳು. ಅವ್ವನಿಗೆ ಗೊತ್ತಿತ್ತು ಎಂದು ನನಗೆ ಅವತ್ತು ಗೊತ್ತಾಯಿತು.

ನಿಮ್ಮ ಇನ್ಸ್‌ಪೆಕ್ಟರ್ ಹಮಾಲನಿಗೆ ಹೊಡೆಯುವುದನ್ನು ಎಂಟು ಪುಟ ಬರೆದಿದ್ದೀರಾ? ತೆಗೆದು ಹಾಕಿ. ಅವನು ಮನೆಗೆ ಬಂದು ಕೈ ತೊಳೆದು ಊಟಕ್ಕೆ ಕೂರುವುದನ್ನು ಬರೆಯಿರಿ. ಶಿಳ್ಳೆ ಹೊಡೆಯಲು ಅಲ್ಲಿ ಜಾಗ ಇರುವುದಿಲ್ಲ.

ಬೆಟಗೇರಿ ಓದುಗ

ಅಕ್ಕಾರ, ನಿಮ್ಮ ಮಾತು ಓದಿ ಸುಮ್ಮನಾದೆ. ಆದರೂ ಒಂದು ತಕರಾರು. ಎಲ್ಲಾ ತೆಗೆದು ಹಾಕಿದರೆ ಥ್ರಿಲ್ಲರ್ ಎಲ್ಲಿ ಉಳಿಯಿತು? ಕೋರ್ಟ್ ಕಟ್ಟೆ ಸಾಹೇಬರ ಸೆಕ್ಷನ್, ನಿಮ್ಮ ಬಿಸಿನೀರು, ಎಲ್ಲ ಸರಿ. ನಮಗೆ ರಾತ್ರಿ ಬೇಕು, ಭಯ ಬೇಕು. ಗಬ್ಬೂರು ಬೈಪಾಸಿನಲ್ಲಿ ಲಾರಿ ಹಿಂದೆ ಲಾರಿ, ಯಾವುದರಲ್ಲಿ ಗುಮಾಸ್ತ ಕೂತಿದ್ದ ಎಂದು ಹುಡುಕುವುದು ಬೇಕು. ಒಂದೂವರೆ ಕಿಲೋಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇರುವ ಸ್ಟೇಷನ್ ನಮ್ಮ ಹುಬ್ಬಳ್ಳಿಯದು, ಜಗತ್ತಿನಲ್ಲೇ ಉದ್ದದ್ದು, 1507 ಮೀಟರ್. ಅದರ ಆ ತುದಿಯಲ್ಲಿ ಒಬ್ಬ ಇಳಿದು ಕತ್ತಲೆಯಲ್ಲಿ ನಡೆದು ಬರುತ್ತಿದ್ದಾನೆ, ಈ ತುದಿಯಲ್ಲಿ ಇನ್ಸ್‌ಪೆಕ್ಟರ್ ಕಾಯುತ್ತಿದ್ದಾನೆ. ಇದನ್ನು ಬರೆಯದೆ ಬಿಟ್ಟರೆ ಪಾಪ ಬರುತ್ತದೆ.

ಮಾತಿನ ಬಗ್ಗೆಯೂ ಹೇಳಿಬಿಡುತ್ತೇನೆ. ನಿಮ್ಮ ಇನ್ಸ್‌ಪೆಕ್ಟರ್ ಇಲ್ಲಿಯವನೋ, ಮೈಸೂರು ಮಂಡ್ಯ ಕಡೆಯಿಂದ ವರ್ಗ ಆಗಿ ಬಂದವನೋ? ಆ ಕಡೆಯವನಾದರೆ ಮಜಾ ಇದೆ. ಹಮಾಲ ‘ಅವನ ಲೆಕ್ಕಾ ಮುಗಿಸೀನ್ರೀ’ ಅನ್ನುತ್ತಾನೆ ಅಂತ ಇಟ್ಟುಕೊಳ್ಳಿ. ಗುಮಾಸ್ತನ ಹತ್ತಿರ ಸಾಲ ಇತ್ತು, ತೀರಿಸಿದೆ ಅನ್ನುವುದು ಅವನ ಅರ್ಥ. ದಲಾಲಿ ಅಂಗಡಿಯಲ್ಲಿ ದಿನಾ ಆಡುವ ಮಾತು ಅದು. ಕೊಲೆಗಾರನನ್ನು ಹುಡುಕುತ್ತಿರುವವನಿಗೆ ಅದು ಹೇಗೆ ಕೇಳಿಸುತ್ತದೆ?

ನಿವೃತ್ತ ರೈಟರ್

ಎಲ್ಲರದ್ದೂ ಓದಿದೆ. ನಾನು ಪೊಲೀಸ್ ಇಲಾಖೆಯಲ್ಲಿ ಜಾಸ್ತಿ ವರ್ಷ ಸ್ಟೇಷನ್ ರೈಟರ್ ಆಗಿಯೇ ಇದ್ದವನು. ರೈಟರ್ ಅಂದರೆ ಕಾದಂಬರಿ ಬರೆಯುವವನಲ್ಲ ಮಾರಾಯರೇ, ಆದರೆ ಬರೆದಿದ್ದು ಕಡಿಮೆಯೇನಲ್ಲ. ಯಾವ ಯಾವ ಸ್ಟೇಷನ್ ಎಂದು ಕೇಳಬೇಡಿ. ಟೈಪ್ ಮಾಡಿ ರೂಢಿ ಇಲ್ಲ, ಮೊಮ್ಮಗನಿಗೆ ಹೇಳಿ ಬರೆಸುತ್ತಿದ್ದೇನೆ, ಅವನು ನಡುವೆ ನಡುವೆ ‘ಇದನ್ನೂ ಬರೀಲಾ ಅಜ್ಜಾ’ ಅನ್ನುತ್ತಾನೆ.

ಕೆರೆಯಲ್ಲಿ ಹೆಣ ಸಿಕ್ಕ ಕೂಡಲೇ ಯಾರೂ 302 ಹಾಕುವುದಿಲ್ಲ. ಮೊದಲು ಯುಡಿಆರ್. ಅಸಹಜ ಸಾವು ಅಂತ ದಾಖಲು ಮಾಡಿ, ಹೆಣದ ಪಂಚನಾಮೆ ಮಾಡಿ, ಕಿಮ್ಸ್ ಆಸ್ಪತ್ರೆಗೆ ಕಳಿಸುತ್ತಾರೆ. ಡಾಕ್ಟರ್ ನೋಡಬೇಕು, ನೀರಿಗೆ ಬಿದ್ದು ಸತ್ತನೋ, ಸತ್ತ ಮೇಲೆ ನೀರಿಗೆ ಬಂದನೋ. ಶ್ವಾಸನಾಳದಲ್ಲಿ ನೊರೆ ಇದೆಯೋ, ಶ್ವಾಸಕೋಶದಲ್ಲಿ ನೀರು ಇದೆಯೋ, ಕೆಲವು ಸಲ ಎಲುಬಿನ ಮಜ್ಜೆಯಲ್ಲಿ ಕೆರೆಯ ಪಾಚಿಯಂಥ ಸೂಕ್ಷ್ಮ ಜೀವಿ ಹುಡುಕುತ್ತಾರೆ, ಡಯಾಟಮ್ ಅನ್ನುತ್ತಾರೆ. ರಿಪೋರ್ಟ್ ಬರುವವರೆಗೆ ಫೈಲ್ ಟೇಬಲ್ ಮೇಲೆ ಇರುತ್ತದೆ. ಈ ಕಾಯುವ ದಿನಗಳಲ್ಲೇ ನಿಮ್ಮ ಇನ್ಸ್‌ಪೆಕ್ಟರ್‌ನ ಮೊದಲ ತಪ್ಪು ಹುಟ್ಟುತ್ತದೆ. ಕೊಲೆ ಅಂತ ಬರೆದರೆ ಪತ್ತೆ ಮಾಡಬೇಕು, ಪ್ರತಿ ತಿಂಗಳ ಮೀಟಿಂಗ್‌ನಲ್ಲಿ ಎದ್ದು ನಿಂತು ಉತ್ತರ ಕೊಡಬೇಕು. ‘ಕಾಲು ಜಾರಿ ಬಿದ್ದು’ ಎಂದು ಬರೆದರೆ ಯಾರೂ ಕೇಳುವುದಿಲ್ಲ. ಕುತ್ತಿಗೆ ಮೇಲೆ ಗುರುತು ಇದೆ, ಅವನು ನೋಡಿದ್ದಾನೆ. ಮೂರು ದಿನ ಸುಮ್ಮನೆ ಇರುತ್ತಾನೆ. ಸತ್ತವನ ತಮ್ಮ ಯಾರೋ ಲೀಡರ್ ಹಿಡಿದು ಬಂದಾಗಲೇ ಅದು ಕೊಲೆ ಆಗುವುದು. ಆ ಮೂರು ದಿನದಲ್ಲಿ ಸಾಕ್ಷಿ ಎಲ್ಲ ತೊಳೆದು ಹೋಗಿರುತ್ತದೆ, ಈಗ ಅವಸರ, ಯಾರಾದರೂ ಒಬ್ಬ ಬೇಕು. ಹಮಾಲ ಬರುವುದು ಹಾಗೆ. ಕುಡಿತ ಏನೂ ಬೇಡ. ನಾನು ಕಂಡ ಅತಿ ಕೆಟ್ಟ ಕೆಲಸಗಳನ್ನು ಮಾಡಿದವರು ಚಹಾ ಬಿಟ್ಟು ಬೇರೆ ಮುಟ್ಟದವರು.

ಹೊಡೆತದ ಬಗ್ಗೆ ಎಲ್ಲರೂ ಬರೆಯುತ್ತಾರೆ. ಟೈಮ್ ಬಗ್ಗೆ ಯಾರೂ ಬರೆಯುವುದಿಲ್ಲ. ಹಿಡಿದ 24 ತಾಸಿನೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರು ಮಾಡಬೇಕು, ಇದು ಎಲ್ಲರಿಗೂ ಗೊತ್ತು. 24 ತಾಸು ಯಾವಾಗಿಂದ ಅನ್ನುವುದು ರೈಟರ್ ಕೈಯಲ್ಲಿ ಇರುತ್ತದೆ. ಸೋಮವಾರ ಸಂಜೆ ಕರೆದುಕೊಂಡು ಬಂದವನನ್ನು ಬುಧವಾರ ಮುಂಜಾನೆ ಬಸ್ ಸ್ಟ್ಯಾಂಡ್‌ನಲ್ಲಿ ಹಿಡಿದೆವು ಎಂದು ಬರೆಯುವುದು. ‘ನಮ್ಮನ್ನು ಕಂಡು ಓಡಲು ಯತ್ನಿಸಿದವನನ್ನು ಬೆನ್ನಟ್ಟಿ ಹಿಡಿದು’ ಅನ್ನುವ ಸಾಲು ನನ್ನ ಕೈಗೆ ಎಷ್ಟು ರೂಢಿ ಆಗಿತ್ತು ಅಂದರೆ, ಕಾಲು ಮುರಿದವನೊಬ್ಬ ಓಡಿದ ಎಂದೂ ಒಮ್ಮೆ ಬರೆದು, ಆಮೇಲೆ ಹೊಡೆದು ಹಾಕಿ ಬೇರೆ ಹಾಳೆ ತೆಗೆದುಕೊಂಡಿದ್ದೇನೆ. ಆ ಎರಡು ರಾತ್ರಿ ಆ ಮನುಷ್ಯ ಎಲ್ಲಿದ್ದ? ಕಾಗದದ ಪ್ರಕಾರ ಎಲ್ಲೂ ಇಲ್ಲ.

ಒಂದು ಹೇಳುತ್ತೇನೆ. ಒಬ್ಬ ಹುಡುಗ, ಹದಿನೆಂಟೋ ಹತ್ತೊಂಬತ್ತೋ. ಅಂಗಡಿ ಕಳವಿನ ಸಂಶಯ. ಸಂಜೆ ತಂದರು, ಸಾಹೇಬರು ‘ಈಗಲೇ ತೋರಿಸಬೇಡ್ರಿ’ ಅಂದರು, ನಾನು ಡೈರಿಯಲ್ಲಿ ಬರೆಯಲಿಲ್ಲ. ಮರುದಿನ ಮುಂಜಾನೆ ಅವನ ತಾಯಿ ಬಂದಳು. ಹೊರಗೆ ಬೇವಿನ ಗಿಡದ ಕೆಳಗೆ ಕೂತಳು, ಕೈಯಲ್ಲಿ ಸ್ಟೀಲಿನ ಬುತ್ತಿ ಡಬ್ಬಿ. ‘ನನ್ನ ಮಗ ಇಲ್ಲಿ ಅದಾನೇನ್ರೀ’ ಎಂದು ನನ್ನನ್ನೇ ಕೇಳಿದಳು. ಡೈರಿ ನೋಡಿದಂತೆ ಮಾಡಿ ‘ಇಲ್ಲವ್ವಾ, ಇಲ್ಲಿ ಯಾರೂ ಇಲ್ಲ’ ಎಂದೆ. ಡೈರಿಯಲ್ಲಿ ಇರಲಿಲ್ಲ, ಸುಳ್ಳು ಹೇಳಲಿಲ್ಲ ಎಂದು ನನಗೆ ನಾನೇ ಅಂದುಕೊಂಡೆ. ಅವಳು ‘ಇದ್ರ ಕೊಡ್ರಿ’ ಅಂತ ಡಬ್ಬಿ ಟೇಬಲ್ ಮೇಲೆ ಇಟ್ಟು ಹೋದಳು. ಜೋಳದ ರೊಟ್ಟಿ, ಅಗಸಿ ಚಟ್ನಿ. ಹುಡುಗನಿಗೆ ಬಾಯಿ ಊದಿತ್ತು, ತಿನ್ನಲು ಆಗಲಿಲ್ಲ.

ಎರಡನೇ ದಿನ ರಾತ್ರಿ ಕಳ್ಳತನ ಮಾಡಿದವರು ಬೇರೆ ಕಡೆ ಸಿಕ್ಕರು. ಹುಡುಗನನ್ನು ಬಿಟ್ಟರು. ಒಳಗೆ ಬಂದ ಕಾಗದ ಇಲ್ಲ, ಹಾಗಾಗಿ ಹೊರಗೆ ಹೋದ ಕಾಗದವೂ ಇಲ್ಲ. ಡಬ್ಬಿ ಉಳಿಯಿತು. ತಾಯಿಯೂ ಬರಲಿಲ್ಲ, ಮಗನೂ ಬರಲಿಲ್ಲ, ಮತ್ತೆ ಆ ಕಟ್ಟೆ ಹತ್ತಲು ಯಾರಿಗೆ ಧೈರ್ಯ ಇರುತ್ತದೆ? ಸ್ವಲ್ಪ ದಿನ ಕಿಟಕಿಯಲ್ಲಿ ಇತ್ತು. ಆಮೇಲೆ ಯಾರೋ ಅದರಲ್ಲಿ ಅರಗು, ಬೆಂಕಿಪೊಟ್ಟಣ ಹಾಕಿ ಇಟ್ಟರು. ಜಪ್ತಿ ಮಾಡಿದ ಮಾಲಿಗೆ ಸೀಲ್ ಮಾಡುವ ಅರಗು. ನಾನು ವರ್ಗ ಆಗಿ ಹೋಗುವವರೆಗೂ ದಿನಾ ಅದನ್ನೇ ತೆಗೆದು ಸೀಲ್ ಮಾಡಿದ್ದೇನೆ.

ಬೆಟಗೇರಿಯವರು ಹೇಳಿದ ‘ಲೆಕ್ಕಾ ಮುಗಿಸೀನ್ರೀ’ ಸರಿಯಾಗಿದೆ. ಅದರ ಮುಂದಿನದ್ದು ನಾನು ಹೇಳುತ್ತೇನೆ. ಇನ್ಸ್‌ಪೆಕ್ಟರ್ ತಪ್ಪು ಕೇಳಿಸಿಕೊಂಡ ಎಂದು ಬರೆದರೆ ಮತ್ತೆ ಅವನಿಗೆ ನೆಪ ಸಿಗುತ್ತದೆ, ಪಾಪ ಭಾಷೆ ಬರಲಿಲ್ಲ ಅಂತ. ಹಾಗೆ ಮಾಡಬೇಡಿ. ಅವನನ್ನು ಇಲ್ಲಿಯವನನ್ನೇ ಮಾಡಿ. ಹಮಾಲ ಹೇಳಿದ್ದರ ಅರ್ಥ ಅವನಿಗೂ ಗೊತ್ತು, ರೈಟರ್‌ಗೂ ಗೊತ್ತು. ಸ್ಟೇಷನ್‌ನಲ್ಲಿ ಯಾರ ಮಾತನ್ನೂ ಅವರು ಆಡಿದ ಹಾಗೆ ಬರೆಯುವುದಿಲ್ಲ. ಹಮಾಲನಾಗಲಿ, ಮುದುಕಿಯಾಗಲಿ, ಎಲ್ಲರೂ ನಮ್ಮ ಕಾಗದದಲ್ಲಿ ‘ಸದರಿ ದಿವಸ ನಾನು’ ಎಂದೇ ಶುರು ಮಾಡುತ್ತಾರೆ. ಲೆಕ್ಕ ಅನ್ನುವ ಪದ ಬಿಟ್ಟರೆ ಆಯಿತು. ‘ಸದರಿಯವನನ್ನು ನಾನೇ ಮುಗಿಸಿರುತ್ತೇನೆ.’ ರೈಟರ್ ತಲೆ ಎತ್ತಿ ಇನ್ಸ್‌ಪೆಕ್ಟರ್ ಮುಖ ನೋಡುತ್ತಾನೆ. ಇನ್ಸ್‌ಪೆಕ್ಟರ್ ಕಿಟಕಿ ಕಡೆ ನೋಡುತ್ತಾನೆ. ರೈಟರ್ ಬರೆಯುತ್ತಾನೆ. ಹಮಾಲನಿಗೆ ಓದಲು ಬರುವುದಿಲ್ಲ, ಹೆಬ್ಬೆಟ್ಟು ಒತ್ತುತ್ತಾನೆ.

ಕೋರ್ಟ್ ಕಟ್ಟೆ

ಸರ್, ಕೊನೆಗೆ ‘ಓದಿ ಹೇಳಿಸಿ ಕೇಳಿದೆ, ಸರಿ ಇದೆ’ ಅನ್ನುವ ಸಾಲು ಬಿಟ್ಟಿರಿ. ಅದು ಇಲ್ಲದ ಹೇಳಿಕೆಯನ್ನು ನಾನು ಇವತ್ತಿನವರೆಗೆ ನೋಡಿಲ್ಲ.

ನಿವೃತ್ತ ರೈಟರ್

ಹೌದ್ರಿ, ಅದೂ ನಮ್ಮದೇ ಅಕ್ಷರ.

ಉಣಕಲ್ ಹುಡುಗ

ಎರಡು ದಿನ ಉತ್ತರ ಬರೆಯಲು ಆಗಲಿಲ್ಲ, ಕ್ಷಮಿಸಿ. ಡ್ಯೂಟಿ ಮುಗಿಸಿ ಬಂದು ಫೈಲ್ ತೆರೆದು ಕೂತು ಮುಚ್ಚಿಟ್ಟೆ.

ಕೂಲಿಂಗ್ ಗ್ಲಾಸ್ ಹೋಯಿತು. ಜುಲೈ ಹೋಗಿ 2024ರ ಫೆಬ್ರವರಿ ಬಂತು. ಹೆಂಡತಿ ವಾಪಸ್ ಬಂದಿದ್ದಾಳೆ, ಬಂದಿದ್ದಾಳೆ ಅನ್ನುವುದಕ್ಕಿಂತ ಹೋಗಲೇ ಇಲ್ಲ, ನಿನ್ನೆ ರಾತ್ರಿ ಬರೆದ ಪುಟದಲ್ಲಿ ಅವಳು ಗಂಡನ ಶರ್ಟಿನ ತೋಳಿನ ಒಂದು ಕಲೆಯನ್ನು ನಿಂಬೆಹಣ್ಣು ಹಾಕಿ ತಿಕ್ಕುತ್ತಾಳೆ, ಏನು ಕಲೆ ಎಂದು ಕೇಳುವುದಿಲ್ಲ. ಹೊಡೆಯುವ ಎಂಟು ಪುಟ ತೆಗೆದೆ, ಅಕ್ಕ ಹೇಳಿದ ಹಾಗೆ. ಬೆಟಗೇರಿ ಕಾಕಾ, ನಿಮ್ಮ ಪ್ಲಾಟ್‌ಫಾರ್ಮ್ ಇಟ್ಟಿದ್ದೇನೆ. ಆ ತುದಿಯಿಂದ ನಡೆದು ಬರುವವನು ಗುಮಾಸ್ತನ ತಮ್ಮ. ಇನ್ಸ್‌ಪೆಕ್ಟರ್‌ನ ಹೆಸರು ಮಾತ್ರ ಇನ್ನೂ ಸಿಕ್ಕಿಲ್ಲ, ಹಿತ್ತಲಮನಿ ಅಂತ ಎರಡು ದಿನ ಇಟ್ಟು ನೋಡಿದೆ, ಪಕ್ಕದ ಮನೆಯವರೇ ಹಿತ್ತಲಮನಿಯವರು, ಬೇಡ ಅನಿಸಿತು.

ಒಂದು ವಿಷಯ ಹೊಸದಾಗಿ ತಲೆಗೆ ಬಂದಿದೆ. ಇಡೀ ಕಥೆಯನ್ನು ಇನ್ಸ್‌ಪೆಕ್ಟರ್ ಕಣ್ಣಿನಿಂದ ಹೇಳುತ್ತಿದ್ದೆ, ಅದಕ್ಕೇ ಅವನು ಹೀರೋ ಆಗುತ್ತಿದ್ದ ಅಂತ ಕಾಣುತ್ತದೆ. ಅವನನ್ನು ನೋಡುತ್ತಾ ಕೂತ ರೈಟರ್ ಹೇಳಿದರೆ? ಅವನು ಒಳ್ಳೆಯವನೂ ಅಲ್ಲ, ಬರೆಯುವ ಕೈ ಅವನದ್ದೇ. ಮೊದಲ ಸಾಲು ಹೀಗೆ ಬರೆದಿದ್ದೇನೆ: ‘ಸದರಿ ದಿವಸ ಬೆಳಗಿನ ಆರು ಗಂಟೆಗೆ ಉಣಕಲ್ ಕೆರೆಯಲ್ಲಿ ಒಂದು ಹೆಣ ಇತ್ತು, ನಾನು ಎಂಟಕ್ಕೆ ಎಂದು ಬರೆದೆ.’

ರೈಟರ್ ಅಜ್ಜಾರ, ಕೇಳಲು ಸಂಕೋಚ. ಆ ಬುತ್ತಿ ಡಬ್ಬಿಯನ್ನು ನನ್ನ ಕಥೆಯಲ್ಲಿ ಬಳಸಿಕೊಳ್ಳಬಹುದಾ? ಹಮಾಲನ ತಾಯಿ ತಂದುಕೊಡುವಂತೆ ಮಾಡಬೇಕು ಎಂದಿದೆ. ಕೊನೆಯ ಅಧ್ಯಾಯದಲ್ಲಿ ರೈಟರ್ ರಿಟೈರ್ ಆಗುವ ದಿನ ಅದನ್ನು ತೊಳೆದು ಬ್ಯಾಡಗಿಗೆ ಬಸ್ ಹತ್ತಿ ಹೋಗಿ ಕೊಟ್ಟು ಬರುತ್ತಾನೆ, ಹಾಗೆ ಯೋಚಿಸಿದ್ದೇನೆ.

ಬೆಟಗೇರಿ ಓದುಗ

ಮೊದಲ ಸಾಲು ಆಯಿತು ತಮ್ಮಾ. ಇನ್ನು ಮೇಲೆ ಕೆಡಿಸಬೇಡ.

ನಿವೃತ್ತ ರೈಟರ್

ಡಬ್ಬಿ ಬಳಸಿಕೊಳ್ಳಪ್ಪ, ಕೇಳುವುದು ಏನಿದೆ. ಆದರೆ ಬಸ್ ಹತ್ತಿಸಬೇಡ. ನಾವು ಯಾರೂ ವಾಪಸ್ ಕೊಟ್ಟಿಲ್ಲ.